ಅಡುಗೆ ಪ್ರಶ್ನೋತ್ತರ: ಪೆಪೋಸೊ ಗಟ್ಟಿಯಾಗುವುದೇಕೆ?

ಪ್ರಶ್ನೆ: ಓದಲು ಫ್ಲಾರೆನ್ಸಿಗೆ ಬಂದಿದ್ದೇನೆ. ಇಲ್ಲಿನ ಪೆಪೋಸೊ (ಕಾಳುಮೆಣಸು ಹಾಕಿ ವೈನಿನಲ್ಲಿ ಬೇಯಿಸಿದ ದನದ ಮಾಂಸ) ತಿಂದು ಇಷ್ಟವಾಗಿ ಮನೆಯಲ್ಲೇ ಮಾಡಿದೆ. ಕೊಬ್ಬಿಲ್ಲದ ದನದ ಮಾಂಸ ತಂದು ಒಂದೂವರೆ ಗಂಟೆ ಜೋರಾಗಿ ಕುದಿಸಿದರೂ ತುಂಡುಗಳು ನಾರುನಾರಾದವು, ರಸ ನೀರಾಗಿಯೇ ಉಳಿಯಿತು. ಏನು ತಪ್ಪಾಯಿತು?

ಉತ್ತರ: ಮಾಂಸದ ಆಯ್ಕೆಯೇ ತಪ್ಪಿದೆ. ಪೆಪೋಸೊಗೆ ಬೇಕಾದದ್ದು ಮೀನಖಂಡ, ಅಂದರೆ ದನದ ಕಾಲಿನ ಕೆಳಭಾಗದ ಮಾಂಸ; ಅಂಗಡಿಯಲ್ಲಿ ‘ಮುಸ್ಕೊಲೊ’ ಎಂದು ಕೇಳಿ. ಅದರೊಳಗಿನ ಬಿಳಿ ಪೊರೆಗಳನ್ನು ಕತ್ತರಿಸಿ ಎಸೆಯಬೇಡಿ. ಆ ಪೊರೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ರಸ ಮಂದವಾಗುವುದು ಅದರಿಂದಲೇ. ಕೊಬ್ಬಿಲ್ಲದ ಮೆದು ಮಾಂಸದಲ್ಲಿ ಕರಗಲು ಏನೂ ಇರುವುದಿಲ್ಲ. ಜೋರು ಕುದಿಗೆ ಸ್ನಾಯುವಿನ ಎಳೆಗಳು ಬಿಗಿದು ನೀರನ್ನು ಹಿಂಡಿ ಹೊರಹಾಕುತ್ತವೆ.

ಒಂದು ಕಿಲೋ ಮೀನಖಂಡವನ್ನು ಎರಡು ಇಂಚಿನ ತುಂಡುಗಳಾಗಿ ಕತ್ತರಿಸಿ. ಸಿಪ್ಪೆ ಸುಲಿದ ಹತ್ತು–ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಕಾಳುಮೆಣಸು (ಅರ್ಧ ಇಡಿಯಾಗಿ, ಅರ್ಧ ಜಜ್ಜಿ), ಒಂದು ಚಿಕ್ಕ ಚಮಚ ಉಪ್ಪು, 750 ಮಿಲಿ ಕಿಯಾಂಟಿ (ಇಲ್ಲಿನ ಕೆಂಪು ವೈನ್). ಎಲ್ಲವನ್ನೂ ತಣ್ಣಗಿರುವಾಗಲೇ ಪಾತ್ರೆಗೆ ಹಾಕಿ. ಎಣ್ಣೆ ಬೇಡ, ಹುರಿಯುವುದೂ ಬೇಡ. ಕುದಿ ಹತ್ತಿದ ಕೂಡಲೇ ಮುಚ್ಚಳ ಮುಚ್ಚಿ ಉರಿ ತಗ್ಗಿಸಿ: ಆಗೊಂದು ಈಗೊಂದು ಗುಳ್ಳೆ ಏಳಬೇಕು, ಅಷ್ಟೇ. ಮೂರು ಗಂಟೆ ಹೀಗೇ ಬೇಯಲಿ. ಓವನ್ ಆದರೆ 150 ಡಿಗ್ರಿ. ಕೊನೆಯ ಅರ್ಧ ಗಂಟೆ ಮುಚ್ಚಳ ತೆಗೆದು ರಸ ಇಂಗಿಸಿ. ಚಮಚ ಒತ್ತಿದರೆ ತುಂಡು ಬಿಡಿಸಿಕೊಳ್ಳದಿದ್ದರೆ ಇನ್ನೂ ಬೇಯಿಸಿ, ಗಡಿಯಾರ ನೋಡಿ ಇಳಿಸಬೇಡಿ.

ದೀರ್ಘ ಬೇಯುವಿಕೆಯಲ್ಲಿ ಮೆಣಸಿನ ಘಮ ಆವಿಯಾಗಿ ಖಾರ ಮಾತ್ರ ಉಳಿಯುತ್ತದೆ. ಆದ್ದರಿಂದ ಇಳಿಸುವ ಮುನ್ನ ಅರ್ಧ ಚಿಕ್ಕ ಚಮಚ ಹೊಸದಾಗಿ ಕುಟ್ಟಿ ಹಾಕಿ. ಉಪ್ಪನ್ನೂ ಆಗಲೇ ಸರಿಮಾಡಿಕೊಳ್ಳಿ. ಮೊದಲೇ ಪೂರ್ತಿ ಹಾಕಿದರೆ ರಸ ಇಂಗಿದ ಮೇಲೆ ಉಪ್ಪುಪ್ಪಾಗುತ್ತದೆ. ನೆಂಚಿಕೊಳ್ಳುವ ಟಸ್ಕನಿಯ (ಫ್ಲಾರೆನ್ಸ್ ಇರುವ ಪ್ರಾಂತ್ಯ) ಬ್ರೆಡ್ಡಿನಲ್ಲಿ ಉಪ್ಪಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಇದು ವಾಸ್ತುಶಿಲ್ಪಿ ಬ್ರುನೆಲೆಸ್ಕಿಯ ಕೂಲಿಗಳ ಊಟವಂತೆ, ನಿಜವೇ? ಟೊಮೆಟೊ ಹಾಕಬಹುದೇ?

ಉತ್ತರ: ಪೆಪೋಸೊ ಫ್ಲಾರೆನ್ಸಿನ ದಕ್ಷಿಣಕ್ಕಿರುವ ಇಂಪ್ರುನೇತಾದ ಅಡುಗೆ. ಆ ಊರು ಇಟ್ಟಿಗೆ, ಹೆಂಚು, ಮಣ್ಣಿನ ಕುಂಡಗಳಿಗೆ ಹೆಸರಾದದ್ದು. ಆವಿಗೆಯ ಬಾಯಲ್ಲಿ ಮಡಕೆ ಇಟ್ಟು, ಹೆಂಚು ಸುಡುವ ಹೊತ್ತಿನಲ್ಲೇ ಊಟವನ್ನೂ ಬೇಯಿಸಿಕೊಳ್ಳುತ್ತಿದ್ದರು. 1420ರಿಂದ 1436ರವರೆಗೆ ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟ ಕಟ್ಟುವಾಗ ಬ್ರುನೆಲೆಸ್ಕಿ ಇದನ್ನು ಕೆಲಸಗಾರರಿಗೆ ಕೊಡಿಸಿದನೆಂಬುದನ್ನು ಐತಿಹ್ಯವೆಂದೇ ಓದಿಕೊಳ್ಳಿ. ಹಳಸಿದ ಮಾಂಸದ ವಾಸನೆ ಮುಚ್ಚಲು ಮೆಣಸು ಸುರಿಯುತ್ತಿದ್ದರು ಎಂಬ ಮಾತನ್ನಂತೂ ಒಪ್ಪಲಾಗದು. ನಮ್ಮ ಪಶ್ಚಿಮ ಕರಾವಳಿಯಿಂದ ಕಡಲು ದಾಟಿ ವೆನಿಸ್ ಮೂಲಕ ಹೋಗುತ್ತಿದ್ದ ಮೆಣಸು ಅಲ್ಲಿ ಮಾಂಸಕ್ಕಿಂತ ತುಟ್ಟಿ.

ಟೊಮೆಟೊ ಅಮೆರಿಕದಿಂದ ಬಂದದ್ದು, ಗುಮ್ಮಟ ಮುಗಿದ ಎಷ್ಟೋ ಕಾಲದ ನಂತರ. ಈಗ ಹಾಕುವವರಿದ್ದಾರೆ. ಹಾಕುವುದಾದರೆ ಒಂದು ಚಮಚ ಪೇಸ್ಟ್ ಸಾಕು. ಹೆಚ್ಚಾದರೆ ಅದರ ಹುಳಿ ವೈನಿನ ಹುಳಿಗೆ ಸೇರಿ ಮೆಣಸಿನ ರುಚಿ ಹಿಂದೆ ಸರಿಯುತ್ತದೆ.