ಮೊದಲ ಜೀಪು ನಿಂತ ಜಾಗವೇ ಅಡ್ಡಿಯಾಗಿರಬೇಕು

ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದಾಗ ಮೊದಲು ತಲುಪಿದ ಪೊಲೀಸರು ನೀವು; ಆಂಬುಲೆನ್ಸ್ ವಾಹನಗಳ ನಡುವೆ ಏಕೆ ಸಿಕ್ಕಿಕೊಂಡಿತು, ಮುಂದಿನ ಸಲ ಏನು ಮಾಡಬೇಕು ಎಂದು ಕೇಳಿದ್ದೀರಿ. ಬಹುಶಃ ನಿಮ್ಮ ಜೀಪು ಟ್ಯಾಂಕರ್ ಹತ್ತಿರವೇ ನಿಂತದ್ದು ಕಾರಣ. ಹಿಂದೆ ಬಂದವರೆಲ್ಲ ಅದರ ಬೆನ್ನಿಗೇ ನಿಂತಿರುತ್ತಾರೆ.

ಮುಂದಿನ ಸಲ ದೂರದಲ್ಲೇ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ, ಏರಿನ ಬದಿಯಲ್ಲಿ ನಿಲ್ಲಿಸಿ. ಎಷ್ಟು ದೂರ ಎಂದು ಆ ತಿರುವು ನೋಡದೆ ನಾನು ಹೇಳಲಾರೆ. ಮೊದಲು ವೈರ್‌ಲೆಸ್‌ನಲ್ಲಿ ತಿಳಿಸಿ: ಸರಿಯಾದ ಜಾಗ, ಗಾಯಾಳುಗಳೆಷ್ಟು, ಆಂಬುಲೆನ್ಸ್ ಯಾವ ಕಡೆಯಿಂದ ಬರಬೇಕು, ದೂರದಿಂದ ಕಂಡರೆ ಟ್ಯಾಂಕರ್ ಮೇಲಿನ ಅಪಾಯ ಸೂಚನಾ ಫಲಕದ ನಂಬರು (1075 ಇದ್ದರೆ ಎಲ್‌ಪಿಜಿ). ವಾಹನಗಳನ್ನು ಮೇಲೆ ದೋಣಿಗಾಲ್‌ನಲ್ಲಿ, ಕೆಳಗೆ ಗುಂಡ್ಯದಲ್ಲೇ ತಡೆಯಲು ಕಂಟ್ರೋಲ್ ರೂಮಿಗೆ ಹೇಳಿ.

ಸೋರಿಕೆ ಖಚಿತವಿಲ್ಲದಿದ್ದರೂ ಇದೆ ಎಂದೇ ನಡೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ. ಕೆಳಗಿನ ತಿರುವಿನಲ್ಲಿ ಬಸ್ಸು ನಿಂತಿದ್ದರೆ ಅದರ ಜನರನ್ನು ಮೊದಲು ಇಳಿಸಿ, ಗಾಳಿಗೆ ಅಡ್ಡಲಾಗಿ ದೂರ ಕಳಿಸಿ. ಇಂಜಿನ್, ಬೀಡಿ, ಮೊಬೈಲ್ ಎಲ್ಲ ಬಂದ್. ಒಳಗೆ ಸಿಕ್ಕವರ ಕೂಗು ಕೇಳಿದರೆ ಓಡಬೇಕೆನಿಸುತ್ತದೆ, ನನಗೂ ಅನಿಸಿತ್ತು. ಅಗ್ನಿಶಾಮಕದವರು ಬರುವ ಮೊದಲು ಹತ್ತಿರ ಹೋಗಬೇಡಿ.

ರಸ್ತೆಯ ಒಂದು ಬದಿ ಖಾಲಿ ಇಡಲು ಒಬ್ಬ ಹೋಮ್‌ಗಾರ್ಡನ್ನು ನಿಲ್ಲಿಸಿ, ಅವನಿಗೆ ಬೇರೆ ಕೆಲಸ ಕೊಡಬೇಡಿ. ಇನ್‌ಸ್ಪೆಕ್ಟರ್ ಬರುವವರೆಗೆ ಅಲ್ಲಿ ಆದೇಶ ನಿಮ್ಮದೇ. ಬಂದ ಮೇಲೆ ಏನೇನು ಮಾಡಿದಿರಿ, ಯಾವ ಹೊತ್ತಿಗೆ ಎಂದು ಬಾಯಲ್ಲಿ ಹೇಳಿ, ಡೈರಿಯಲ್ಲೂ ಬರೆದು ಒಪ್ಪಿಸಿ.