ಓದುಗರ ಪ್ರಶ್ನೆ: ಮುಂಬೈಯ ಬಟ್ಟೆ ಗಿರಣಿಗಳನ್ನು ಮುಚ್ಚಿಸಿದ್ದು ಮುಷ್ಕರವೇ?

ಪ್ರಶ್ನೆ: ನನ್ನ ಆಫೀಸು ಲೋವರ್ ಪರೇಲ್‌ನಲ್ಲಿ. ಕಿಟಕಿಯಿಂದ ಹಳೇ ಗಿರಣಿಯ ಚಿಮಣಿ ಕಾಣುತ್ತದೆ. ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಷ್ಕರ ಮಾಡಿಸಿದ್ದಕ್ಕೇ ಗಿರಣಿಗಳು ಮುಚ್ಚಿದವು ಅಂತಾರೆ ನಮ್ಮ ಬಾಸ್. ಹೌದಾ ಸರ್?
– ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಬಾಸ್ ಹೇಳಿದ್ದು ಅರ್ಧ ಸರಿ. ಇನ್ನರ್ಧದಲ್ಲಿ ಜಾಗದ ರೇಟಿನ ಮಾತಿದೆ.

1982ರ ಜನವರಿ 18ಕ್ಕೆ ಮುಷ್ಕರ ಶುರುವಾದಾಗ ಮುಂಬೈ ಲಾಲ್‌ಬಾಗ್‌ನ ಗಿರಣಿಯೊಂದರ ಗೇಟಿನೆದುರು ನಮ್ಮ ದೊಡ್ಡಪ್ಪನ ಹೋಟೆಲಿತ್ತು. ಗಲ್ಲೆಯಲ್ಲಿ ನಾನು. ಗಿರಣಿಯ ಭೋಂಗಾ (ಸೈರನ್) ಕೂಗುವ ಮೊದಲೇ ಚಹಾದ ಗ್ಲಾಸು ಸಾಲಾಗಿ ಜೋಡಿಸಿರಬೇಕು. ಪಾಳಿ ಮುಗಿಸಿ ಬಂದವರ ತಲೆ, ಹುಬ್ಬಿನ ಮೇಲೆಲ್ಲ ಹತ್ತಿಯ ಬಿಳಿ ಧೂಳು. ಬದಲಿ ಕೆಲಸದವರು ಬೆಳಿಗ್ಗೆಯೇ ಬಂದು ಗೇಟಿನ ಹತ್ತಿರ ಕಾಯುತ್ತಿದ್ದರು. ಕಾಯಂ ಆದವನು ರಜೆ ಹಾಕಿದರೆ ಮಾತ್ರ ಅವರಿಗೆ ಅವತ್ತಿನ ಕೂಲಿ. ಮುಷ್ಕರ ಎಳೆದಂತೆಲ್ಲ ನಮ್ಮ ಉದ್ರಿ ಪುಸ್ತಕ ತುಂಬಿತು. ಆಮೇಲೆ ಉದ್ರಿ ಕೇಳೋಕೂ ಜನ ಇಲ್ಲ, ಸುಮಾರು ಮಂದಿ ರತ್ನಾಗಿರಿ, ಸತಾರಾ ಕಡೆ ಊರು ಸೇರಿದ್ದರು. ದೊಡ್ಡಪ್ಪ ವಸೂಲಿಗೆ ಹೋಗಲಿಲ್ಲ. ಹೋಗಿ ಏನು ಕೇಳೋದು?

ಮುಷ್ಕರಕ್ಕಿಳಿದವರು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಕಾಯ್ದೆ ಪ್ರಕಾರ ಮಾತುಕತೆಗೆ ಮಾನ್ಯತೆ ಇದ್ದದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಒಂದಕ್ಕೇ. ಕೆಲಸಗಾರರು ನಂಬಿದ್ದು ಸಾಮಂತರನ್ನು. ಆ ಗಂಟು ಬಿಚ್ಚಲೇ ಇಲ್ಲ. ಮುಷ್ಕರ ವಾಪಸ್ ಪಡೆದೆವು ಅಂತ ಯಾರೂ ಘೋಷಿಸಲೂ ಇಲ್ಲ, ಸುಮ್ನೆ ಕರಗಿಹೋಯಿತು.

ಆದರೆ ಅದಕ್ಕೂ ಮೊದಲೇ ಎಷ್ಟೋ ಗಿರಣಿಗಳಲ್ಲಿ ಅಜ್ಜನ ಕಾಲದ ಮಗ್ಗಗಳು. ಮಾಲೀಕರು ಹೊಸ ಮಷೀನಿಗೆ ದುಡ್ಡು ಹಾಕುತ್ತಿರಲಿಲ್ಲ. ನೇಯ್ಗೆ ಮುಂಬೈ ಹತ್ತಿರದ ಭಿವಂಡಿಯ ಪವರ್‌ಲೂಮ್‌ಗಳಿಗೆ ಜಾರುತ್ತಿತ್ತು. ಅಲ್ಲಿ ಕೂಲಿ ಕಮ್ಮಿ, ಯೂನಿಯನ್ ಕಾಟ ಇಲ್ಲ. ಬಟ್ಟೆಗಿಂತ ಬಟ್ಟೆ ನೇಯುವ ಜಾಗಕ್ಕೇ ಬೆಲೆ ಜಾಸ್ತಿ ಆದ ಮೇಲೆ ಗಿರಣಿ ಓಡಿಸುವ ಉಮೇದು ಯಾರಿಗಿರುತ್ತೆ? 1991ರ ನಿಯಮ ಗಿರಣಿ ಜಾಗವನ್ನು ಮೂರು ಪಾಲು ಮಾಡಿತು: ಮಾಲೀಕರಿಗೆ, ಊರಿನ ಮೈದಾನಕ್ಕೆ, ಬಡವರ ಮನೆಗೆ. 2001ರಲ್ಲಿ ತಿದ್ದುಪಡಿ ಬಂತು. ಖಾಲಿ ಬಿದ್ದಿರುವ ಜಾಗವನ್ನಷ್ಟೇ ಪಾಲು ಮಾಡಿದರೆ ಸಾಕು ಅಂದರು. ಕಟ್ಟಡಗಳೇ ತುಂಬಿದ ಗಿರಣಿಯಲ್ಲಿ ಖಾಲಿ ಜಾಗ ಎಷ್ಟಿರುತ್ತೆ, ನೀವೇ ಹೇಳಿ. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನನ್ನ ಪ್ರಕಾರ ಕಾರ್ಮಿಕರು ಸೋತದ್ದು ಮುಷ್ಕರದಲ್ಲಿ, ಊರು ಸೋತದ್ದು ಆ ತಿದ್ದುಪಡಿಯಲ್ಲಿ.

ಪ್ರಶ್ನೆ: ನಮ್ಮ ಕನ್ನಡದವರೂ ಗಿರಣಿಯಲ್ಲಿ ದುಡಿದಿದ್ದರಾ?
– ಓದುಗರು, ಮುಲುಂಡ್

ಉತ್ತರ: ನಾನು ಕಂಡಂತೆ ಒಳಗೆ ಕಮ್ಮಿ. ಗಿರಣಿ ತುಂಬಾ ಕೊಂಕಣದವರು, ಘಟ್ಟದ ಮೇಲಿನ ಮರಾಠಿಗರು, ಜೊತೆಗೆ ತೆಲುಗು ಪದ್ಮಶಾಲಿ ನೇಕಾರರು. ನಮ್ಮ ಕರಾವಳಿ ಹುಡುಗರು ಹೋಟೆಲಲ್ಲಿ ಗ್ಲಾಸು ತೊಳೆದು, ಸಂಜೆ ರಾತ್ರಿಶಾಲೆಗೆ ಓಡುತ್ತಿದ್ದರು.

ಪ್ರಶ್ನೆ: ಮಕ್ಕಳಿಗೆ ಗಿರಣಗಾಂವ್, ಅಂದರೆ ಹಳೇ ಗಿರಣಿಗಳ ಪ್ರದೇಶ, ತೋರಿಸಬೇಕು. ಎಲ್ಲಿಗೆ ಹೋಗಲಿ?
– ಓದುಗರು, ಠಾಣೆ

ಉತ್ತರ: ಮುಂಬೈಯ ಮೊದಲ ಬಟ್ಟೆ ಗಿರಣಿ ಕಾವಸ್‌ಜಿ ದಾವರ್ ಅವರದು, ತಾಡದೇವ್‌ನಲ್ಲಿ. 1854ರಲ್ಲಿ ಕಂಪನಿ ಶುರು, 1856ರಲ್ಲಿ ನೂಲು. ಅಲ್ಲಿ ಈಗ ನೋಡೋಕೆ ಏನೂ ಇಲ್ಲ. ಫೀನಿಕ್ಸ್ ಮಾಲ್ ಗಿರಣಿ ಇದ್ದ ಜಾಗ ಅಂತ ಹೇಳಿ, ಅಲ್ಲೇ ನಿಲ್ಲಬೇಡಿ. ವರ್ಲಿಯ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳಿಗೆ, ಅಂದರೆ ಒಂಟಿ ಕೋಣೆ ಮನೆಗಳ ವಠಾರಕ್ಕೆ ಹೋಗಿ. 1920ರ ದಶಕದಲ್ಲಿ ಕಟ್ಟಿದ್ದು, ಖೋಲಿ (ಕೋಣೆ) ಬರೀ 160 ಚದರಡಿ. ಇಂಥ ಚಾಳುಗಳಲ್ಲಿ ಒಬ್ಬರು ಪಾಳಿಗೆ ಹೋದರೆ ಇನ್ನೊಬ್ಬರು ಬಂದು ಅದೇ ಜಾಗದಲ್ಲಿ ಮಲಗುತ್ತಿದ್ದರು. ಬೇಗ ಹೋಗಿ. ಒಂದೊಂದೇ ಕೆಡವಿ ಟವರ್ ಏಳಿಸುತ್ತಿದ್ದಾರೆ.