ಕಿಮೋ ನಡೆಯುವಾಗ ಮನೆಯವರ ಕೆಲಸ ಏನು?

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಅವರ ಮನೆಯವರು ಬರೆದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿದ್ದೇವೆ. ಬರೆದವರ ಹೆಸರು ಕೊಟ್ಟಿಲ್ಲ. ಉತ್ತರಿಸಿದವರು ಬೆಳಗಾವಿಯ ಕ್ಯಾನ್ಸರ್ ತಜ್ಞ ವೈದ್ಯೆ.

ಪ್ರಶ್ನೆ: ನನ್ನ ಹೆಂಡತಿಗೆ 42 ವರ್ಷ. ಎಡಗಡೆಯ ಸ್ತನ ಮತ್ತು ಕಂಕುಳಿನ ಗಂಟುಗಳನ್ನು ತೆಗೆದಿದ್ದಾರೆ. ಹುಬ್ಬಳ್ಳಿಯಲ್ಲಿ 21 ದಿನಕ್ಕೊಮ್ಮೆ ಕಿಮೋ ನಡೆದಿದೆ, ಮೂರು ಮುಗಿದಿವೆ. ನಮ್ಮದು ಕಬ್ಬಿನ ಹೊಲ. ಈಗ ಕಟಾವಿನ ಹೊತ್ತು, ನಾನು ಮನೆಯಲ್ಲಿರುವುದೇ ಕಡಿಮೆ. ಇದ್ದಾಗ ‘ಧೈರ್ಯ ತಗೋ, ಎಲ್ಲಾ ಆರಾಮ ಆಗ್ತದ’ ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾಳೆ. ನಾನು ಏನು ಮಾಡಲಿ? (ಜಮಖಂಡಿ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ‘ಧೈರ್ಯ ತಗೋ’ ಅನ್ನುವುದನ್ನು ಬಿಟ್ಟು ನೋಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ‘ನನ್ನ ಮುಂದೆ ಅಳಬೇಡ’ ಅಂದ ಹಾಗೆ ಅವರಿಗೆ ಕೇಳಿಸುತ್ತದೆ. ತಮ್ಮ ಹೆದರಿಕೆ ಸಾಲದು ಅಂತ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ಮೇಲೆ ಬೀಳುತ್ತದೆ. ಸಿಟ್ಟು ಬರದೆ ಇನ್ನೇನು? ‘ಇವತ್ತು ಏನು ಜಾಸ್ತಿ ಕಾಡಾಕತ್ತದ?’ ಅಂತ ಕೇಳಿ, ಆಮೇಲೆ ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಉತ್ತರ ಬರದಿದ್ದರೂ ಎದ್ದು ಹೋಗಬೇಡಿ.

ನಿಮ್ಮಿಂದ ಆಗಬೇಕಾದ ದೊಡ್ಡ ಕೆಲಸ ಬೇರೆಯೇ ಇದೆ. ಅದು ಗೋಡೆಯ ಕ್ಯಾಲೆಂಡರ್‌ನದ್ದು. ಕಿಮೋ ಕೊಟ್ಟ ದಿನಕ್ಕೆ ಗುರುತು ಹಾಕಿ ಎಣಿಸುತ್ತಾ ಹೋಗಿ. ಮೊದಲ ಮೂರು ನಾಲ್ಕು ದಿನ ವಾಕರಿಕೆ, ಸುಸ್ತು ಜಾಸ್ತಿ. ಆಗ ಮನೆ ತುಂಬ ಜನ ಇರುತ್ತಾರೆ. ವಾರ ಕಳೆಯುವ ಹೊತ್ತಿಗೆ ವಾಂತಿ ನಿಂತು ಅವರು ಎದ್ದು ಓಡಾಡತೊಡಗುತ್ತಾರೆ. ‘ಇನ್ನು ಚಲೋ ಆತು’ ಅಂತ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆದರೆ ರಕ್ತದಲ್ಲಿನ ಬಿಳಿ ಕಣಗಳು ತೀರಾ ಕೆಳಗೆ ಇಳಿಯುವುದು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ. ನೋಡಲು ಆರಾಮಾಗಿ ಕಾಣುವ ಈ ವಾರದಲ್ಲೇ ಸೋಂಕು ತಗುಲಿದರೆ ತಡೆಯುವ ಶಕ್ತಿ ಕಡಿಮೆ. ಮೂರನೇ ವಾರ ಮತ್ತೆ ಹುರುಪು ಬರುತ್ತದೆ. ಬೀಗರನ್ನು ಕರೆಯುವುದು, ತವರಿಗೆ ಹೋಗಿ ಬರುವುದು ಏನಿದ್ದರೂ ಆ ವಾರಕ್ಕೆ ಇಟ್ಟುಕೊಳ್ಳಿ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಮೈ ಬಿಸಿ ಇದೆಯಾ ಅಂತ ಕೈಯಿಟ್ಟು ನೋಡಿದರೆ ಸಾಲದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಅಥವಾ ಚಳಿ ಹತ್ತಿ ನಡುಗಿದರೆ, ರಾತ್ರಿ ಎರಡಾದರೂ ಹೊರಡಬೇಕು. ಪ್ಯಾರಾಸಿಟಮಾಲ್ ಕೊಟ್ಟು ‘ಬೆಳಿಗ್ಗೆ ನೋಡೋಣ’ ಅನ್ನಬೇಡಿ. ಮಾತ್ರೆಗೆ ಜ್ವರ ಇಳಿಯಬಹುದು, ಒಳಗಿನ ಸೋಂಕು ಇಳಿಯುವುದಿಲ್ಲ. ಹುಬ್ಬಳ್ಳಿಯವರೆಗೆ ಹೋಗಬೇಕು ಅಂತಲೂ ಇಲ್ಲ, ಅದು ತಾಸುಗಟ್ಟಲೆ ದಾರಿ. ಇಂಥ ಹೊತ್ತಿನಲ್ಲಿ ಬಾಗಲಕೋಟೆಗೆ ಹೋಗಬೇಕೋ, ವಿಜಯಪುರಕ್ಕೋ ಅಂತ ನಿಮ್ಮ ಕಿಮೋ ವೈದ್ಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ಕ್ಯಾಜುವಾಲ್ಟಿಯಲ್ಲಿ ನಿಮ್ಮ ಮೊದಲ ಮಾತು ‘ಕಿಮೋ ಆಗಿ ಇಷ್ಟು ದಿನ ಆಗಿದೆ, ಈಗ ಜ್ವರ ಬಂದಿದೆ’ ಅಂತಿರಲಿ. ಇಷ್ಟು ಹೇಳಿದರೆ ಸರದಿಯಲ್ಲಿ ಕೂರಿಸುವುದಿಲ್ಲ. ಫೈಲು ಕೈಯಲ್ಲೇ ಇರಬೇಕು.

ಕಟಾವಿನ ಪಾಳಿ ನಿಮ್ಮ ಕೈಯಲ್ಲಿಲ್ಲ. ಕಬ್ಬು ಕಡಿಯುವ ಗ್ಯಾಂಗ್ ಬಂದ ದಿನ ನೀವು ಹೊಲದಲ್ಲಿರಲೇಬೇಕು. ಆದ್ದರಿಂದ 7ರಿಂದ 14ರವರೆಗಿನ ಆ ಎಂಟು ದಿನ ಮನೆಯಲ್ಲಿ ಯಾರಿರುತ್ತಾರೆ, ರಾತ್ರಿ ಯಾರ ಗಾಡಿ ಸಿಗುತ್ತದೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಗಾಡಿಯವರ ನಂಬರ್ ಕ್ಯಾಲೆಂಡರ್ ಮೇಲೆಯೇ ಬರೆಯಿರಿ. ಹತ್ತು ಸಲ ಧೈರ್ಯ ಹೇಳುವುದಕ್ಕಿಂತ ಆ ನಂಬರ್ ನೋಡಿದಾಗ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಊಟದ ವಿಷಯಕ್ಕೆ ಬಂದರೆ, ಕಿಮೋದಿಂದ ಬಾಯಿ ಹುಣ್ಣಾದಾಗ ನಮ್ಮ ಕಡೆಯ ಕೆಂಪು ಖಾರ, ಶೇಂಗಾ ಹಿಂಡಿ ಬೆಂಕಿಯಂತೆ ಉರಿಯುತ್ತವೆ. ನುಚ್ಚು ಮಜ್ಜಿಗೆ, ಹೆಸರುಬೇಳೆ ಕಿಚಡಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಹೀಗೆ ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಒಗ್ಗರಣೆಯ ವಾಸನೆಗೇ ಕೆಲವರಿಗೆ ವಾಕರಿಕೆ ಬರುತ್ತದೆ. ಆ ಮೂರು ನಾಲ್ಕು ದಿನ ಅಡುಗೆ ಬೇರೆಯವರು ಮಾಡಲಿ. ವಾಂತಿಯ ಮಾತ್ರೆಯನ್ನು ವೈದ್ಯರು ಬರೆದ ಹೊತ್ತಿಗೆ ಕೊಡಿ, ವಾಂತಿ ಆದಮೇಲೆ ಹುಡುಕಬೇಡಿ. ಕೆಂಪು ಬಣ್ಣದ ಔಷಧಿ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತ ಅಂತ ಗಾಬರಿಯಾಗಬೇಡಿ, ಔಷಧಿಯ ಬಣ್ಣ ಅಷ್ಟೇ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಗಂಡಂದಿರು ಇದನ್ನು ಕೇಳುವುದೇ ಇಲ್ಲ. ಎದೆಯ ಗಾಯವನ್ನು ಅವರು ತೋರಿಸಲು ಬಂದಾಗ ಕಣ್ಣು ತಪ್ಪಿಸಬೇಡಿ. ತೋರಿಸದಿದ್ದರೆ ಒತ್ತಾಯ ಬೇಡ. ಹಾಸಿಗೆ ಬೇರೆ ಮಾಡಬೇಡಿ. ಅವರ ಅನುಕೂಲಕ್ಕೆ ಅಂತ ನೀವು ಹೊರಗೆ ಮಲಗಿದರೆ, ಅಸಹ್ಯಪಟ್ಟು ಹೋದರು ಅಂತ ಅವರು ತಿಳಿಯುವ ಸಾಧ್ಯತೆಯೇ ಜಾಸ್ತಿ. ಇಬ್ಬರಿಗೂ ಮನಸ್ಸಿದ್ದರೆ ಕೂಡುವುದಕ್ಕೆ ಅಡ್ಡಿಯಿಲ್ಲ. ಕಿಮೋ ಆದ ಮೊದಲ ಎರಡು ಮೂರು ದಿನ ಕಾಂಡೋಮ್ ಬಳಸಿ. ಮಕ್ಕಳಾಗದ ಆಪರೇಷನ್ ಆಗಿಲ್ಲದಿದ್ದರೆ ಚಿಕಿತ್ಸೆ ಮುಗಿಯುವವರೆಗೂ ಕಾಂಡೋಮ್ ಅಥವಾ ಕಾಪರ್-ಟಿ ಬೇಕು. ಮುಟ್ಟು ನಿಂತಿದೆ ಅಂತ ನಂಬಿ ಕೂರಬೇಡಿ. ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನನ್ನ ಕಿಮೋ ಮುಗಿದಿದೆ, ಮುಂದಿನ ವಾರದಿಂದ ರೇಡಿಯೇಷನ್. ಅತ್ತೆಯವರು ನನ್ನ ತಾಟು, ಚರಗಿ ಬೇರೆ ಇಟ್ಟಿದ್ದಾರೆ. ನೆಗೆಣ್ಣಿ ತನ್ನ ಎರಡು ವರ್ಷದ ಮಗುವನ್ನು ನನ್ನ ಹತ್ತಿರ ಬಿಡುವುದಿಲ್ಲ. ತಲೆಯಲ್ಲಿ ಕೂದಲಿಲ್ಲ ಅಂತ ಓಣಿಯ ಅರಿಶಿನ-ಕುಂಕುಮಕ್ಕೂ ಕರೆಯಲಿಲ್ಲ. ನನ್ನಿಂದ ಮಗುವಿಗೆ ನಿಜವಾಗಿಯೂ ಏನಾದರೂ ಆಗುತ್ತದೆಯೇ? (ಬೈಲಹೊಂಗಲ ತಾಲ್ಲೂಕಿನ ಓದುಗರು)

ಉತ್ತರ: ಏನೂ ಆಗುವುದಿಲ್ಲ. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಒಂದೇ ಚರಗಿಯ ನೀರು ಕುಡಿದರೆ ಬರುವುದಿಲ್ಲ. ನಿಮಗೆ ಕೊಡುವ ರೇಡಿಯೇಷನ್ ಯಂತ್ರದಿಂದ ಬರುತ್ತದೆ. ಯಂತ್ರ ನಿಂತ ಕ್ಷಣ ಅದೂ ನಿಲ್ಲುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ಆಸ್ಪತ್ರೆಯಿಂದ ಬಂದ ಕೂಡಲೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ರೇಡಿಯೇಷನ್ ಜಾಗದ ಚರ್ಮ ಸುಟ್ಟಂತೆ ಕೆಂಪಾಗುತ್ತದೆ, ಮಗು ಅಲ್ಲಿ ಒದೆಯದಂತೆ ನೋಡಿಕೊಂಡರೆ ಸಾಕು.

ಎಚ್ಚರ ಬೇಕಾದದ್ದು ತಿರುವು ಮುರುವು. ಕಿಮೋ ದಿನಗಳಲ್ಲಿ ಮನೆಯವರ ಕೆಮ್ಮು ನೆಗಡಿ ನಿಮಗೆ ತಗುಲಬಾರದು ಅಂತ ನಾವು ಹೇಳುತ್ತೇವೆ. ಕಿಮೋ ಆದ ಮೊದಲ 48 ತಾಸು ವಾಂತಿ, ಮೂತ್ರ ಬಳಿಯುವವರು ಕೈಗವಸು ಹಾಕಿಕೊಳ್ಳಬೇಕು ಅಂತಲೂ ಹೇಳುತ್ತೇವೆ, ಅದು ಔಷಧಿಯ ಅಂಶ ಕೈಗೆ ತಾಗದಿರಲಿ ಅಂತ. ಈ ಎರಡು ಮಾತು ಮನೆಗೆ ಹೋಗುವಷ್ಟರಲ್ಲಿ ‘ಅವಳನ್ನು ಮುಟ್ಟಬಾರದು’ ಅಂತಾಗಿಬಿಡುತ್ತದೆ. ತಪ್ಪು ನಮ್ಮ ವೈದ್ಯರದ್ದೂ ಇದೆ, ಯಾಕೆ ಅಂತ ವಿವರಿಸುವುದಿಲ್ಲ.

ಅತ್ತೆಯವರ ಜೊತೆ ನೀವು ವಾದ ಮಾಡಬೇಡಿ. ನಿಮಗೆ ಈಗ ಅಷ್ಟು ಶಕ್ತಿ ಇಲ್ಲ, ಅದು ನಿಮ್ಮ ಕೆಲಸವೂ ಅಲ್ಲ. ಒಂದು ದಿನ ಯಜಮಾನರು ಅವರನ್ನೂ ನೆಗೆಣ್ಣಿಯನ್ನೂ ಆಸ್ಪತ್ರೆಗೆ ಕರೆತರಲಿ. ನಿಮ್ಮ ಎದುರಿಗೇ ‘ಒಂದೇ ತಾಟಿನಲ್ಲಿ ಉಣ್ಣಬಹುದಾ?’ ಅಂತ ವೈದ್ಯರನ್ನು ಕೇಳಲಿ. ಹಿರಿಯರಿಗೆ ಸೊಸೆ ಹೇಳಿದ್ದಕ್ಕಿಂತ ಡಾಕ್ಟರು ಹೇಳಿದ್ದು ಬೇಗ ಹೋಗುತ್ತದೆ, ಏನು ಮಾಡುವುದು! ಆಮೇಲೆ ಮೊದಲು ನಿಮ್ಮ ಜೊತೆ ಕೂತು ಉಣ್ಣಬೇಕಾದವರು ಯಜಮಾನರೇ.

ಕೂದಲು ಕಿಮೋ ಮುಗಿದ ಒಂದೆರಡು ತಿಂಗಳಲ್ಲಿ ಮೊಳೆಯಲು ಶುರುವಾಗುತ್ತದೆ. ಎದೆಗೆ ಕೊಡುವ ರೇಡಿಯೇಷನ್‌ನಿಂದ ತಲೆಗೂದಲು ಉದುರುವುದಿಲ್ಲ, ಆ ಹೆದರಿಕೆ ಬೇಡ. ಮೊದಮೊದಲು ಗುಂಗುರಾಗಿಯೋ ಬೇರೆ ಬಣ್ಣದಲ್ಲೋ ಬರಬಹುದು. ಅಲ್ಲಿಯವರೆಗೆ ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಕಟ್ಟಿಕೊಂಡರೆ ಮೇಲೆ ಇಳಕಲ್ ಸೀರೆಯ ಸೆರಗು ಜಾರದೆ ನಿಲ್ಲುತ್ತದೆ. ಅರಿಶಿನ-ಕುಂಕುಮಕ್ಕೆ ಕರೆಯದವರ ಬಗ್ಗೆ ನನ್ನ ಹತ್ತಿರ ಔಷಧಿ ಇಲ್ಲ. ನಿಮ್ಮ ಮನೆಯಲ್ಲೇ ಒಂದು ಶುಕ್ರವಾರ ನೀವೇ ಓಣಿಯವರನ್ನು ಕರೆಯಿರಿ. ಬರುವವರು ಬರುತ್ತಾರೆ.

ಪ್ರಶ್ನೆ: ಅವ್ವನಿಗೆ 46 ವರ್ಷ. ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲಿ ಸ್ತನ ಕ್ಯಾನ್ಸರ್ ಅಂತ ಬಂದಿದೆ. ಅಪ್ಪ ‘ಅವಳಿಗೆ ಹೆಸರು ಹೇಳಬೇಡ, ಗಡ್ಡೆ ಅಷ್ಟೇ ಅಂತ ಹೇಳು’ ಅಂದಿದ್ದಾರೆ. ಅವ್ವ ದಿನಾ ನನ್ನನ್ನೇ ಕೇಳುತ್ತಾಳೆ. ಅಪ್ಪ ಮುಂಬೈಗೆ ಕರೆದೊಯ್ಯಲು ಹೊಲ ಅಡ ಇಡುವ ಮಾತಾಡುತ್ತಿದ್ದಾರೆ. ಸೋದರಮಾವ ಯಾರದೋ ನಾಟಿ ಔಷಧಿ ತಂದಿದ್ದಾರೆ. ನನಗೆ 24, ನನಗೂ ಬರುತ್ತದಾ? (ಇಂಡಿ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಅವ್ವ ದಿನಾ ಕೇಳುತ್ತಿದ್ದಾರೆ ಅಂದರೆ ಅವರಿಗೆ ಅರ್ಧ ಗೊತ್ತಾಗಿದೆ. ಕ್ಯಾನ್ಸರ್ ವಾರ್ಡಿಗೆ ಹೋಗಿ, ಕಿಮೋ ಹಾಕಿಸಿಕೊಂಡು, ಕೂದಲು ಉದುರಿದ ಮೇಲೂ ಗೊತ್ತಾಗದಿರಲು ಅವರೇನು ಮಗುವೇ? ಗೊತ್ತಾಗಿಯೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ, ನಿಮಗೆ ನೋವಾಗಬಾರದು ಅಂತ. ಆಗ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಒಂಟಿಯಾಗಿ ಅಳುತ್ತಾರೆ. ಸ್ತನ ತೆಗೆಯಬೇಕೋ, ಗಡ್ಡೆ ಮಾತ್ರ ತೆಗೆದರೆ ಸಾಕೋ ಅನ್ನುವಂಥದ್ದನ್ನು ಅವರನ್ನು ಕೇಳಿಯೇ ನಿರ್ಧರಿಸಬೇಕು. ಅದು ಅವರ ಮೈ.

ಅಪ್ಪನಿಗೆ ಹೀಗೆ ಹೇಳಿ: ‘ನಾವು ಹೇಳೋದು ಬ್ಯಾಡ, ಡಾಕ್ಟರ್ ಹೇಳಲಿ, ನಾವು ಪಕ್ಕದಾಗ ಇರೋಣ.’ ಮೊದಲೇ ವೈದ್ಯರಿಗೆ ತಿಳಿಸಿ ಸಮಯ ಕೇಳಿಕೊಳ್ಳಿ. ಒಂದೇ ಸಲಕ್ಕೆ ಎಲ್ಲ ಹೇಳಬೇಕಾಗಿಲ್ಲ. ‘ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನಿಸುತ್ತದೆ?’ ಅಂತ ಅವರನ್ನೇ ಕೇಳಿ ಶುರು ಮಾಡುತ್ತೇವೆ. ‘ನನಗ ಬ್ಯಾಡ, ನನ್ನ ಗಂಡಗ ಹೇಳ್ರಿ’ ಅಂತ ಅವರೇ ಅಂದರೆ ಅದೂ ಸರಿ, ಆದರೆ ಆ ಮಾತು ಅವರ ಬಾಯಿಂದ ಬರಬೇಕು. ಅಪ್ಪನೂ ಹೆದರಿದ್ದಾರೆ ಅನ್ನುವುದು ನೆನಪಿರಲಿ.

ಹೊಲದ ಕಾಗದಕ್ಕೆ ಸಹಿ ಹಾಕುವುದನ್ನು ತಡೆಯಿರಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಯಾವ ಕಾಗದ ಬೇಕು ಅಂತ ಮೊದಲು ಅವರನ್ನು ಕೇಳಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ನಿಮ್ಮ ಕಡೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಆದರೆ ಅದು ಬೇರೆ ರಾಜ್ಯ, ಕಾರ್ಡ್ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರಗಳನ್ನು ತೆರೆಯುವುದನ್ನೂ ಸರ್ಕಾರ 2025ರಲ್ಲಿ ಶುರು ಮಾಡಿದೆ.

ಮುಂಬೈ ಟಾಟಾ ಆಸ್ಪತ್ರೆಯಲ್ಲಿ ಒಂದು ಅಭಿಪ್ರಾಯ ಕೇಳಿ ಬರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸಾಮಾನ್ಯವಾಗಿ ಬಳಸುವ ಕಿಮೋ ಔಷಧಿ ಅಲ್ಲಿಯೂ ಇಲ್ಲಿಯೂ ಒಂದೇ. ತಿಂಗಳುಗಟ್ಟಲೆ ಪರಊರಿನಲ್ಲಿ ಬಾಡಿಗೆ ಕೊಟ್ಟು, ತಮ್ಮವರು ಯಾರೂ ಇಲ್ಲದೆ ಇರುವ ಕಷ್ಟವನ್ನು ಜನ ಲೆಕ್ಕ ಹಾಕುವುದಿಲ್ಲ. ಹೋಗುವುದಾದರೆ ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿಯ ಫಾರಂ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಟೈರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಾದರೆ ಶಕ್ತಿ ಯೋಜನೆ ಇದ್ದೇ ಇದೆ, ನಿಮಗೂ ಅವ್ವನಿಗೂ ಟಿಕೆಟ್ ಇಲ್ಲ.

ಮಾವನವರ ಔಷಧಿ ಪಕ್ಕಕ್ಕಿಡಿ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಕಿಮೋ ಜೊತೆ ಸೇರಿ ಯಕೃತ್ತು, ಮೂತ್ರಪಿಂಡ ಕೆಡಬಹುದು. ಮಾವನವರಿಗೆ ಬೇಸರ ಮಾಡುವುದು ಬೇಡ. ‘ಆಸ್ಪತ್ರೆಗೆ ಬಂದು ಒಂದು ರಾತ್ರಿ ಅವ್ವನ ಜೊತೆ ಮಲಗ್ತೀರಾ?’ ಅಂತ ಕೇಳಿ. ಅವರಿಗೂ ಏನಾದರೂ ಮಾಡಬೇಕು ಅನ್ನುವ ತಳಮಳ, ಅಷ್ಟೇ.

ಇನ್ನು ನಿಮ್ಮ ವಿಷಯ. ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಬರುವ ಒಂದೇ ಜೀನ್‌ನ ದೋಷದಿಂದ ಆಗುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ಅವ್ವನಿಗೆ 50ರ ಒಳಗೇ ಬಂದಿದೆ. ಅವರಿಗೆ ಜೀನ್ ಪರೀಕ್ಷೆ ಬೇಕೇ ಅಂತ ವೈದ್ಯರನ್ನು ಕೇಳಿ, ಮೊದಲು ಅವರದ್ದು, ಆಮೇಲೆ ನಿಮ್ಮದು. ತಾಯಿಗೆ ಬಂದ ವಯಸ್ಸಿಗಿಂತ ಸುಮಾರು ಹತ್ತು ವರ್ಷ ಮೊದಲೇ ಮಗಳ ತಪಾಸಣೆ ಶುರು ಮಾಡುವುದು ರೂಢಿ. ನಿಮ್ಮ ಲೆಕ್ಕದಲ್ಲಿ ಅದು 36ರ ಹೊತ್ತಿಗೆ. ಅಲ್ಲಿಯವರೆಗೆ ಗಂಟು ಕೈಗೆ ಹತ್ತಿದರೆ ನಾಚಿಕೊಂಡು ಕೂರಬೇಡಿ.

ಪ್ರಶ್ನೆ: ಆಪರೇಷನ್ ಆಗಿ ಎರಡು ತಿಂಗಳಾಯಿತು. ಬಲಗೈ ಕಡೆಯದು. ಆ ಕೈಯಿಂದ ರೊಟ್ಟಿ ಬಡಿಯಬಹುದಾ? ಸೊಸೆ ಬೇಡ ಅನ್ನುತ್ತಾಳೆ, ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. (ಬೀಳಗಿಯ ಓದುಗರು)

ಉತ್ತರ: ಗಾಯ ಪೂರ್ತಿ ಮಾಗಿದ್ದರೆ, ಕೈ ಮೇಲೆತ್ತಲು ಬರುತ್ತಿದ್ದರೆ ಬಡಿಯಬಹುದು. ಮೊದಲು ಎರಡು ರೊಟ್ಟಿ, ವಾರ ಬಿಟ್ಟು ನಾಲ್ಕು. ಮೊದಲ ದಿನವೇ ಒಂದು ಬುಟ್ಟಿ ರೊಟ್ಟಿ ಬೇಡ. ಕೈಯನ್ನು ಪೂರ್ತಿ ಸುಮ್ಮನೆ ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಿದ್ದಾರಲ್ಲ, ಅದನ್ನು ದಿನಾ ಮಾಡಿ. ತುಂಬಿದ ಕೊಡ ಎತ್ತುವುದಕ್ಕೆ ಇನ್ನೂ ಅವಸರ ಬೇಡ.

ಕಂಕುಳಿನ ಗಂಟು ತೆಗೆದ ಮೇಲೆ ಆ ಕೈಯಲ್ಲಿ ನೀರು ತುಂಬಿ ಬಾವು ಬರಬಹುದು, ವರ್ಷಗಳ ನಂತರವೂ. ಸುಟ್ಟ ಗಾಯದಿಂದ ಸೋಂಕಾದರೆ ಆ ಬಾವು ಬೇಗ ಬರುತ್ತದೆ. ಆದ್ದರಿಂದ ನನ್ನ ಚಿಂತೆ ಬಡಿಯುವುದರ ಬಗ್ಗೆ ಅಲ್ಲ, ಹಂಚಿನ ಬಗ್ಗೆ. ರೊಟ್ಟಿ ನೀವು ಬಡಿಯಿರಿ, ಹಂಚಿಗೆ ಹಾಕಿ ಬೇಯಿಸುವುದನ್ನು ಸೊಸೆ ನೋಡಿಕೊಳ್ಳಲಿ. ಆ ಕೈಗೆ ಬಿಗಿಯಾದ ಬಳೆ, ಉಂಗುರ ಬೇಡ, ಸಡಿಲವಾದ ಹಸಿರು ಬಳೆ ಇದ್ದರೆ ಇರಲಿ. ಬಿ.ಪಿ. ನೋಡುವವರಿಗೆ, ಸೂಜಿ ಚುಚ್ಚುವವರಿಗೆ ಎಡಗೈ ಕೊಡಿ. ಬಳೆ ಇದ್ದಕ್ಕಿದ್ದಂತೆ ಬಿಗಿಯಾದರೆ ವೈದ್ಯರಿಗೆ ತೋರಿಸಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ದಿನ ಹೋಗಿ.